ಹನಕೆರೆ ಸ್ಟೇಷನ್ನಿನ ಹುಳಿಮಣ್ಣು

ನನಗೊಂದು ಚಾಳಿಯಿದೆ. ಯಾರದೇ ಹೊಸ ಮನೆಗೆ ಹೋಗಲಿ, ಅವರು ಕಾಫಿಗೆ ಹಾಲು ಕಾಯಿಸುವಷ್ಟರಲ್ಲಿ ನಾನು ಮೆಲ್ಲಗೆ ಹಿತ್ತಲಿಗೆ ಜಾರಿ, ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ತುದಿಗೆ ಇಟ್ಟು ನೋಡುತ್ತೇನೆ. ಆಮೇಲೆ ಉಗಿದು, ಬಾಯಿ ಮುಕ್ಕಳಿಸಿ, ಏನೂ ಆಗದವಳ ಹಾಗೆ ಬಂದು ಕೂರುತ್ತೇನೆ. ಮೊನ್ನೆ ಮೊಮ್ಮಗಳ ಗೃಹಪ್ರವೇಶದಲ್ಲಿ ಸಿಕ್ಕಿಬಿದ್ದೆ. ಅವಳ ಅತ್ತೆ ನೋಡಿಬಿಟ್ಟರು. ಊಟದ ಪಂಕ್ತಿ ಮುಗಿಯುವ ಹೊತ್ತಿಗೆ ಅಜ್ಜಿ ಮಣ್ಣು ತಿನ್ನುತ್ತಾರೆಂಬ ಸುದ್ದಿ ಚಪ್ಪರದ ತುಂಬ ಹರಡಿತ್ತು. ಒಬ್ಬರು ರಕ್ತ ಕಡಿಮೆ ಎಂದರು, ಇನ್ನೊಬ್ಬರು ಹೊಟ್ಟೆಯಲ್ಲಿ ಹುಳು ಎಂದರು. ನಿಮ್ಮ ಹಿತ್ತಲ ಮಣ್ಣು ಹುಳಿಯಾಗಿದೆ, ಅದಕ್ಕೇ ಆ ಗುಲಾಬಿ ಗಿಡ ಹಳದಿ ತಿರುಗಿದೆ ಎಂದು ಹೇಳೋಣವೆಂದು ನನ್ನ ಬಾಯಿಗೆ ಬಂದಿತ್ತು. ಶುಭದ ಮನೆಯಲ್ಲಿ ಅಂಥ ಮಾತೇಕೆ ಎಂದು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡೆ.

ಈ ಚಾಳಿ ನನಗೆ ಹತ್ತಿದ್ದು ಹನಕೆರೆಯಲ್ಲಿ. ಆಗ ಮಹಾಯುದ್ಧ ನಡೆಯುತ್ತಿತ್ತು. ಸೀಮೆಎಣ್ಣೆಗೆ ಪರದಾಟ, ಬಟ್ಟೆಗೆ ಪರದಾಟ. ಇವರು ಹನಕೆರೆಯ ಸ್ಟೇಷನ್ ಮಾಸ್ತರು. ‘ಇವರು’ ಎಂದರೆ ಯಾರೆಂದು ನಮ್ಮ ಕಾಲದ ಹೆಂಗಸರು ಬಿಡಿಸಿ ಹೇಳುವುದಿಲ್ಲ, ನೀವೇ ತಿಳಿದುಕೊಳ್ಳಬೇಕು. ಒಂದು ಕಡೆ ಮದ್ದೂರು, ಇನ್ನೊಂದು ಕಡೆ ಮಂಡ್ಯ, ನಡುವೆ ನಮ್ಮದೊಂದು ಹೆಂಚಿನ ಸ್ಟೇಷನ್ನು. ಒಂದು ಟಿಕೆಟ್ಟಿನ ಕಿಂಡಿ, ಗಂಟೆಯ ಬದಲು ನೇತುಹಾಕಿದ ಹಳಿಯ ತುಂಡು, ಪಕ್ಕದಲ್ಲಿ ಎರಡು ಕೋಣೆಯ ನಮ್ಮ ಮನೆ. ನಾನು ಮಳವಳ್ಳಿಯವಳು. ನಮ್ಮೂರಿಗೆ ರೈಲಿಲ್ಲ. ಮದುವೆಯಾಗಿ ಬಂದ ಮೊದಲ ವಾರವೆಲ್ಲ ರೈಲು ಬಂದಾಗಲೆಲ್ಲ ಓಡಿಹೋಗಿ ಗೂಡಿನ ಮೇಲಿನ ಉಪ್ಪಿನಕಾಯಿ ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದೆ. ಬಿದ್ದು ಒಡೆಯುವುದೆಂಬ ಭಯ. ಒಂದು ದಿನ ಇವರು ನೋಡಿ, “ಆ ಜಾಡಿನ ಕೆಳಗೆ ಇಟ್ರೆ ಆಗಕಿಲ್ವಾ?” ಎಂದರು. ಅದು ನನಗೆ ಹೊಳೆದಿರಲಿಲ್ಲ.

ಇವರು ನಿಯಮದ ಮನುಷ್ಯ. ರೈಲಿನವರಿಗೆ ಒಂದು ನಿಯಮದ ಪುಸ್ತಕವಿರುತ್ತದೆ. ಇವರಿಗೆ ಅದು ಬಾಯಿಪಾಠ. ಯಾವ ರೈಲಿಗೆ ಯಾವ ಸನ್ನೆ, ಯಾವ ದೀಪ ಎಲ್ಲಿ, ಎಲ್ಲವೂ ಅದರ ಪ್ರಕಾರವೇ ಆಗಬೇಕು. ನನ್ನ ಸಾರಿಗೆ ಉಪ್ಪು ಹೆಚ್ಚಾದರೆ ಅದಕ್ಕೂ ಒಂದು ನಿಯಮ ಹೇಳುವರೇನೋ ಎಂದು ಮುಖ ನೋಡುತ್ತಿದ್ದೆ. ಹೇಳುತ್ತಿರಲಿಲ್ಲ, ನೀರು ಬೆರೆಸಿಕೊಂಡು ಉಣ್ಣುತ್ತಿದ್ದರು. ಆದರೆ ಮನಸ್ಸಿನಲ್ಲಿ ಒಂದು ಅಳುಕಿತ್ತು. ಇವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಕಾಗದಕ್ಕೆ ಸಹಿ ಹಾಕಬೇಕಾದ ಸಾಹೇಬರು ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಿದ್ದರು.

ನಾನು ಹನಕೆರೆಗೆ ಬಂದ ವರ್ಷವೇ ಕಾರ್ತೀಕದಲ್ಲಿ ಆ ಸಾಹೇಬರು ಬಂದರು. ನಾಲ್ಕು ಜನ ಹಳಿಗುಂಟ ತಳ್ಳುವ ಟ್ರಾಲಿಯ ಮೇಲೆ, ಕೊಡೆಯ ಕೆಳಗೆ ಕೂತು ಬಂದ ಮೈಸೂರಿನ ದೊಡ್ಡ ಮನುಷ್ಯರು. ಜರಿಪೇಟ, ಕೊರಳವರೆಗೆ ಗುಂಡಿ ಹಾಕಿದ ಕೋಟು, ಕೈಯಲ್ಲೊಂದು ಬೆತ್ತ. ಲೆಕ್ಕದ ಪುಸ್ತಕ ನೋಡಿದರು, ದೀಪ ನೋಡಿದರು, ಎಲ್ಲ ಸರಿ. ಕೊನೆಗೆ ತೋಟದ ಮುಂದೆ ನಿಂತರು. ಆ ಕಾಲದಲ್ಲಿ ಪ್ರತಿ ಸ್ಟೇಷನ್ನಿಗೂ ಒಂದು ತೋಟವಿರಬೇಕಿತ್ತು. ನಮ್ಮದು ಹೆಸರಿಗೆ ತೋಟ. ಸುಣ್ಣ ಬಳಿದ ಕಲ್ಲುಗಳನ್ನು ಅಂದವಾಗಿ ಸುತ್ತಲೂ ಜೋಡಿಸಿತ್ತು, ನಡುವೆ ಕೆಂಪು ಮರಳುಮಣ್ಣು, ಅದರ ಮೇಲೆ ಯಾವಾಗಲೋ ಸತ್ತ ಎರಡು ಗಿಡಗಳ ಕಡ್ಡಿ. ಬೇಲಿಯಾಚೆ ನೋಡಿದರೆ ನಾಲೆಯ ನೀರು ಕುಡಿದ ಕಬ್ಬು ಆಳೆತ್ತರಕ್ಕೆ ತೂಗಾಡುತ್ತಿತ್ತು. ಹತ್ತು ಹೆಜ್ಜೆಯ ಅಂತರ, ಅಷ್ಟೆ.

ಸಾಹೇಬರು ಬೆತ್ತದಿಂದ ಮರಳು ಕೆದಕಿ, “ಮಾಸ್ತರೇ, ಈ ಕಲ್ಲುಗಳಿಗೆ ದಿನಾ ನೀರು ಹಾಕ್ತೀರಾ? ಚೆನ್ನಾಗಿ ಬೆಳೆದಿವೆ” ಎಂದರು. ಟ್ರಾಲಿಯವರು ಕಿಸಕ್ಕನೆ ನಕ್ಕರು. ಇವರು ತಲೆ ತಗ್ಗಿಸಿದರು.

ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಎಲ್ಲಿಂದ ಧೈರ್ಯ ಬಂತೋ. “ಬರೋ ಕಾರ್ತೀಕಕ್ಕೆ ಬನ್ನಿ ಸ್ವಾಮಿ. ಇಲ್ಲಿ ಸೇವಂತಿಗೆ ಇರ್ತದೆ” ಎಂದುಬಿಟ್ಟೆ.

ಎಲ್ಲರೂ ಬಾಗಿಲ ಕಡೆ ತಿರುಗಿದರು. “ಯಾರದು?” ಎಂದರು ಸಾಹೇಬರು.

“ನಮ್ಮ ಮನೆಯವಳು ಸಾರ್” ಎಂದ ಇವರ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

“ಹಾಗೋ? ಸರಿ. ಬರೋ ಕಾರ್ತೀಕಕ್ಕೇ ಬರ್ತೀನಿ. ಸೇವಂತಿಗೆ ನೋಡ್ತೀನಿ” ಎಂದು ಸಾಹೇಬರು ತಪಾಸಣೆಯ ಪುಸ್ತಕದಲ್ಲಿ ಏನೋ ಗೀಚಿ ಹೊರಟರು.

ಏನು ಬರೆದರು ಎಂದು ಕೇಳಿದೆ. ಇವರು ಸಪ್ಪಗೆ ಓದಿದರು. “ಗಾರ್ಡನ್, ನಿಲ್.” ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ತೋಟಕ್ಕೆ ‘ನಿಲ್ಲು’ ಎಂದು ಅಪ್ಪಣೆ ಕೊಟ್ಟಿದ್ದಾರೆ, ಎಂಥ ಒಳ್ಳೆಯ ಮನುಷ್ಯರು ಎಂದುಕೊಂಡೆ. ಹಾಗೆಂದರೆ ‘ತೋಟ ಇಲ್ಲವೇ ಇಲ್ಲ’ ಎಂದು ಅರ್ಥವೆಂದು ಇವರು ಬಿಡಿಸಿ ಹೇಳಿದ ಮೇಲೆ ನನ್ನ ಮುಖವೂ ಸಪ್ಪಗಾಯಿತು.

“ನಿಂಗೆ ಯಾರು ಮಾತಾಡು ಅಂದೋರು?” ಎಂದರು ಇವರು, ರಾಗಿ ಮುದ್ದೆ ಮುರಿಯುತ್ತ.

“ಅವ್ರು ಕಲ್ಲಿಗೆ ನೀರು ಹಾಕ್ತೀರಾ ಅಂದ್ರಲ್ಲ. ನಂಗೆ ಹೊಟ್ಟೆ ಉರೀತು.”

“ಅವ್ರು ಸಾಹೇಬ್ರು, ಅಂತಾರೆ. ನಾಳೆ ಹೂವು ಬರ್ಲಿಲ್ಲ ಅನ್ನು, ಆವಾಗ? ಬರೀ ಮರಳು ಮಾತ್ರ ಇದ್ರೆ ನನ್ ತಪ್ಪು. ಈಗ ಮಾತು ಕೊಟ್ಟು ತಪ್ಪಿದ್ದೂ ಸೇರ್ತದೆ.”

“ಬತ್ತದೆ ಬುಡಿ. ನನ್ನ ಕೈಗುಣ ನಿಮಗೆ ಗೊತ್ತಿಲ್ಲ” ಎಂದೆ.

ಕೈಗುಣ! ಈ ಮಾತು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕೆನ್ನಿಸುತ್ತದೆ. ಮಳವಳ್ಳಿಯಲ್ಲಿ ನಮ್ಮಪ್ಪನ ಹಿತ್ತಲು ಹೇಗಿತ್ತೆಂದರೆ, ಸೀಬೆಹಣ್ಣು ತಿಂದು ಬೀಜ ಉಗಿದರೆ ಅಲ್ಲೊಂದು ಗಿಡ. ಪಾತ್ರೆ ತೊಳೆದ ನೀರು ಹರಿದ ಕಡೆಯೆಲ್ಲ ಟೊಮೇಟೊ. ಅಜ್ಜನ ಕಾಲದಿಂದ ವರ್ಷವರ್ಷವೂ ಕೆರೆಯ ಗೋಡುಮಣ್ಣು ಹೊಡೆಸಿ ಹೊಡೆಸಿ, ಕುರಿಗೊಬ್ಬರ ಹಾಕಿ ಹಾಕಿ ಮಾಡಿದ ಮಣ್ಣದು. ಅದರಲ್ಲಿ ನಾನು ನೆಟ್ಟಿದ್ದೆಲ್ಲ ಚಿಗುರಿದರೆ ಊರವರು “ಈ ಕೂಸಿನ ಕೈಗುಣ ನೋಡ್ರಪ್ಪ” ಎನ್ನುತ್ತಿದ್ದರು. ಅಜ್ಜನ ಮೂವತ್ತು ವರ್ಷದ ಬೆವರನ್ನೆಲ್ಲ ನಾನು ನನ್ನ ಕೈಯ ಖಾತೆಗೆ ಹಾಕಿಕೊಂಡಿದ್ದೆ.

ಆ ಕೈಗುಣವನ್ನು ಹನಕೆರೆಯ ಮಣ್ಣು ಎರಡೇ ತಿಂಗಳಲ್ಲಿ ಇಳಿಸಿತು. ಅದು ಊರಿನ ಮಣ್ಣೂ ಅಲ್ಲ. ಹಳಿ ಹಾಕುವಾಗ ಸ್ಟೇಷನ್ನಿನ ಜಾಗ ಎತ್ತರಿಸಲೆಂದು ಯಾವುದೋ ದಿಣ್ಣೆಯಿಂದ ತಂದು ಸುರಿದ ಮರಳುಮಣ್ಣು. ಬಾವಿಯಿಂದ ಸೇದಿ ಸೇದಿ ಕೊಡಗಟ್ಟಲೆ ನೀರು ಹೊಯ್ದೆ. ಜರಡಿಗೆ ಹೊಯ್ದ ಹಾಗೆ ಇಳಿದುಹೋಯಿತು. ಸಗಣಿ ಗೊಬ್ಬರ ಹಾಕಿದೆ. ನೀರಿನ ಹಿಂದೆ ಅದರ ಸಾರವೂ ಇಳಿದುಹೋಯಿತು. ಸೇವಂತಿಗೆ ಕಡ್ಡಿ ಕಪ್ಪಾಯಿತು. ಹುರುಳಿಕಾಯಿ ಬೀಜ ಹಾಕಿದರೆ ಎರಡೆಲೆ ಬಿಟ್ಟು, ಕಾಮಾಲೆ ಬಂದವರ ಹಾಗೆ ಹಳದಿಯಾಗಿ ಕೂತವು. ಚೆಂಡುಹೂವಿನ ಸಸಿ ಮಾತ್ರ ನಾಲ್ಕು ಉಳಿದವು. ಅವುಗಳಲ್ಲಿ ಮೂರನ್ನು ಸಂತೆಗೆ ಹೋಗುವವರೊಬ್ಬರ ಮೇಕೆ, ಅವರು ಟಿಕೆಟ್ಟು ತೆಗೆದುಕೊಳ್ಳುವಷ್ಟರಲ್ಲಿ ತಿಂದು ಮುಗಿಸಿತು. ಉಳಿದ ಒಂದು ಬಡಕಲು ಸಸಿಯನ್ನು ನಾನೇ ಸಿಟ್ಟಿನಿಂದ ಕಿತ್ತು ದೀಪದ ಕೋಣೆಯ ಹಿಂದೆ ಎಸೆದೆ. ಬೀಜ ಸರಿಯಿಲ್ಲ ಎಂದೆ, ದೃಷ್ಟಿ ತಗುಲಿದೆ ಎಂದೆ, ರೈಲಿನ ಹೊಗೆ ಎಂದೆ. ಮಣ್ಣು ಏನು ಹೇಳುತ್ತಿದೆ ಎಂದು ಮಾತ್ರ ಕೇಳಲಿಲ್ಲ.

ಅದನ್ನು ಕೇಳಲು ಕಲಿಸಿದವಳು ಚೌಡಮ್ಮ. ಹನಕೆರೆಯ ಗೌಡರ ಮನೆಯ ಯಜಮಾನಿ, ಅರುವತ್ತು ದಾಟಿದವಳು. ಗದ್ದೆ, ಕಬ್ಬು, ಎಮ್ಮೆ ಎಲ್ಲ ಇದ್ದೂ ದಿನಾ ಬೆಳಿಗ್ಗೆ ತಾನೇ ನಮ್ಮ ಮನೆಗೆ ಹಾಲು ತರುತ್ತಿದ್ದಳು. ರೈಲು ನೋಡುವ ಆಸೆಗೆ ಬರುತ್ತಾಳೆಂದು ನನ್ನ ಅನುಮಾನ. ಆ ದಿನ ನಾನು ಹಳದಿ ಹುರುಳಿಕಾಯಿ ಸಸಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದೆ.

“ಯಾಕವ್ವ ಮಾಸ್ತ್ರಮ್ಮ, ಯಾರು ಸತ್ರು?” ಎಂದಳು. ಅವಳ ಮಾತೇ ಹಾಗೆ.

ನಾನು ತೋರಿಸಿದೆ. ಅವಳು ಹಾಲಿನ ಚೊಂಬು ಕೆಳಗಿಟ್ಟು, ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಇಟ್ಟಳು. ಕಣ್ಣು ಮುಚ್ಚಿದಳು. ಥೂ ಎಂದು ಉಗಿದಳು.

“ಉಳಿ ಮಣ್ಣು ಕಣವ್ವ ಇದು. ನೀನೂ ಇಟ್ಕಂಡು ನೋಡು.”

“ಅಯ್ಯೋ, ಮಣ್ಣು ತಿನ್ನದಾ?”

“ತಿನ್ನು ಅಂದ್ನಾ? ನಾಲ್ಗೆ ಮ್ಯಾಲೆ ಇಡು ಅಂದೆ. ಸಾರಿಗೆ ಉಳಿ ಎಚ್ಚಾಯ್ತೋ ಕಮ್ಮಿ ಆಯ್ತೋ ನೋಡಕಿಲ್ವಾ? ಅಂಗೇಯ.”

ಇಟ್ಟೆ. ಮೊದಲು ಬರೀ ಮರಳು ಕರಕರ ಎಂದಿತು. ಆಮೇಲೆ ನಾಲಿಗೆಯ ಅಂಚಿಗೆ, ಹಳೆಯ ಮಜ್ಜಿಗೆ ತಗುಲಿದ ಹಾಗೆ, ಸಣ್ಣಗೆ ಒಂದು ಹುಳಿ. ಚೌಡಮ್ಮ ಬೇಲಿ ದಾಟಿ ತನ್ನ ಗದ್ದೆಯ ಬದುವಿನಿಂದ ಇನ್ನೊಂದು ಚಿಟಿಕೆ ತಂದು ಇಟ್ಟಳು. ಅದು ಸಪ್ಪಗೆ, ಮೆತ್ತಗೆ, ಮಳೆ ಬಿದ್ದಾಗಿನ ವಾಸನೆಯ ಹಾಗಿತ್ತು.

“ಇದ್ಕೆ ಏನ್ ಮಾಡದು?” ಎಂದೆ.

“ಏನ್ ಮಾಡೀಯೆ? ಬುಡತ್ಲಾಗೆ. ಉಳಿ ಮಣ್ಣು, ಸಿಡುಕು ಸೊಸೆ, ಎರಡೂ ಬದ್ಲಾಗಕಿಲ್ಲ” ಎಂದು ಚೊಂಬು ಎತ್ತಿಕೊಂಡು ಹೋದಳು.

ಸಂಕ್ರಾಂತಿಗೆ ಮಳವಳ್ಳಿಗೆ ಹೋದಾಗ ಹೊಸ ವಿದ್ಯೆ ಪರೀಕ್ಷೆ ಮಾಡೋಣವೆಂದು ಅಪ್ಪನ ಹಿತ್ತಲ ಮಣ್ಣನ್ನೂ ನಾಲಿಗೆಗೆ ಇಟ್ಟೆ. ಹುಳಿಯ ಸುಳಿವಿಲ್ಲ. ಸಂತೋಷದಿಂದ ಇನ್ನೊಂದು ಚಿಟಿಕೆ ಇಡುವಾಗ ಅಮ್ಮ ನೋಡಿದಳು. ಮದುವೆಯಾಗಿ ವರ್ಷವಾದ ಮಗಳು ಹಿತ್ತಲಲ್ಲಿ ಕದ್ದು ಮಣ್ಣು ತಿನ್ನುತ್ತಿದ್ದಾಳೆ. ತಾಯಾದವಳು ಇನ್ನೇನು ತಿಳಿದಾಳು? ಅರ್ಧ ಗಂಟೆಯಲ್ಲಿ ಬೀದಿಗೆಲ್ಲ ಗೊತ್ತಾಯಿತು. ಪಕ್ಕದ ಮನೆಯವರು ಮಾವಿನಕಾಯಿ ಉಪ್ಪಿನಕಾಯಿ ತಂದರು, ಸೋದರತ್ತೆ ಬಸುರಿಯ ಬಯಕೆಗೆಂದು ಹುಣಸೆಹಣ್ಣಿನ ಚಿಗಳಿ ಕುಟ್ಟಿದಳು. ನಿಜ ಹೇಳಿದಾಗ ಅಮ್ಮನಿಗೆ ಬಂದ ಸಿಟ್ಟು ಮೂರು ದಿನ ಇಳಿಯಲಿಲ್ಲ. ಚಿಗಳಿಯನ್ನು ಮಾತ್ರ ನಾನು ವಾಪಸು ಕೊಡಲಿಲ್ಲ. ಹೊರಡುವಾಗ ಅದರ ಜೊತೆಗೆ ಒಂದು ಗಂಟು ಹಿತ್ತಲ ಮಣ್ಣನ್ನೂ ಕಟ್ಟಿಕೊಂಡೆ. ಯಾಕೆಂದು ಕೇಳಿದರೆ ನನಗೇ ಗೊತ್ತಿರಲಿಲ್ಲ. ತೌರಿನ ಮಣ್ಣು, ಜೊತೆಗಿರಲಿ ಎಂದು.

ಯುಗಾದಿಗೆ ಮುಂಚೆ ನಮ್ಮ ಪಾಯಿಂಟ್ಸ್‌ಮನ್ ಕೆಂಚಯ್ಯ ಸ್ಟೇಷನ್ನಿನ ಕಲ್ಲುಗಳಿಗೆಲ್ಲ ಸುಣ್ಣ ಬಳಿಯುತ್ತಿದ್ದ. ರೈಲು ಬಂದಾಗ ಹಳಿ ಬದಲಿಸುವುದು ಅವನ ಕೆಲಸ. ಉಳಿದ ಹೊತ್ತೆಲ್ಲ ಸ್ಟೇಷನ್ನಿನ ಸಮಸ್ತವೂ ಅವನದೇ. ಸುಣ್ಣದ ಬಕೀಟು ತೊಳೆಯಲು ಅವನು ದೀಪದ ಕೋಣೆಯ ಹಿಂದಕ್ಕೆ ಹೋದಾಗ ನಾನು ಸೀರೆ ಒಣಹಾಕಲು ಅತ್ತ ಹೋದೆ. ನೋಡಿದರೆ ಅಲ್ಲೊಂದು ಚೆಂಡುಹೂವಿನ ಗಿಡ! ಕಡುಹಸಿರು ಎಲೆ, ಮೊಣಕಾಲೆತ್ತರ, ಮೇಲೆ ಐದು ಹೂವು. ನಾನೇ ಕಿತ್ತು ಎಸೆದ ಆ ಬಡಕಲು ಸಸಿ.

“ಕೆಂಚಯ್ಯ, ಇದಕ್ಕೆ ನೀನು ಏನು ಹಾಕ್ತೀಯ?”

“ನಾನೇನು ಹಾಕ್ಲಿ ಅಮ್ಮಾವ್ರೆ? ಬಕೀಟು ತೊಳ್ದ ನೀರು ಚೆಲ್ತೀನಿ, ಅಷ್ಟೆ. ಅದೂ ಸುಣ್ಣದ ನೀರು. ಸಾಯ್ಬೇಕಾಗಿತ್ತು ಅದು.”

ಆ ಗಿಡದ ಬುಡದ ಮಣ್ಣು ನಾಲಿಗೆಗೆ ಇಟ್ಟೆ. ಹುಳಿ ಇರಲಿಲ್ಲ.

ನೀವು ಎಲೆಅಡಿಕೆ ಹಾಕುವವರಾದರೆ ಸುಣ್ಣದ ಗುಣ ಗೊತ್ತಿರುತ್ತದೆ. ಆರತಿ ತಟ್ಟೆ ಮಾಡಿದವರಿಗಂತೂ ಗೊತ್ತೇ ಇರುತ್ತದೆ. ಅರಿಶಿನದ ನೀರಿಗೆ ಒಂದು ಚೂರು ಸುಣ್ಣ ಹಾಕಿದರೆ ಕೆಂಪು ಓಕುಳಿ. ಅದಕ್ಕೆ ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿ. ಚಿಕ್ಕವಳಿದ್ದಾಗ ಇದೇ ಆಟವಾಡಿ ಅಮ್ಮನ ಕೈಲಿ ಎಷ್ಟು ಸಲ ಏಟು ತಿಂದಿದ್ದೆ! ನಿಂಬೆ ಮಾಡುವ ಕೆಲಸವನ್ನು ಹುಳಿ ಮಣ್ಣೂ ಮಾಡಬೇಕಲ್ಲವೇ? ಎರಡು ಬಟ್ಟಲಲ್ಲಿ ಓಕುಳಿ ಕಲಸಿದೆ. ಒಂದಕ್ಕೆ ಮಳವಳ್ಳಿಯ ಗಂಟಿನ ಮಣ್ಣು ಒಂದು ಹಿಡಿ, ಇನ್ನೊಂದಕ್ಕೆ ಸ್ಟೇಷನ್ನಿನ ಮಣ್ಣು ಒಂದು ಹಿಡಿ. ಕದಡಿ, ತಿಳಿಯಾಗಲೆಂದು ಎದುರಿಗೆ ಕೂತೆ.

ಇವರು ಊಟಕ್ಕೆ ಬಂದು, “ಏನಿದು? ಯಾರಿಗೆ ಆರತಿ?” ಎಂದರು.

“ಮಣ್ಣಿಗೆ. ಸುಮ್ನಿರಿ.”

ಇವರು ನನ್ನನ್ನೊಮ್ಮೆ, ಬಟ್ಟಲನ್ನೊಮ್ಮೆ ನೋಡಿ ಪಕ್ಕದಲ್ಲೇ ಕೂತರು. ಮಳವಳ್ಳಿಯ ಬಟ್ಟಲ ನೀರು ತಿಳಿಯಾಯಿತು. ಕೆಂಪು ಕೆಂಪಾಗಿಯೇ ಇತ್ತು. ಹನಕೆರೆಯ ಬಟ್ಟಲು ಕಣ್ಣೆದುರೇ ಕಿತ್ತಳೆಯಾಯಿತು, ಆಮೇಲೆ ಹಳದಿಯಾಯಿತು. ನಾನು ಕಿರುಚಿದ ಸದ್ದಿಗೆ ಕೆಂಚಯ್ಯ ಹಾವು ಬಂತೆಂದು ದೊಣ್ಣೆ ಹಿಡಿದು ಓಡಿಬಂದ.

“ಸುಣ್ಣ ಬೇಕಾಗದೆ ಇದಕ್ಕೆ! ಸುಣ್ಣ!” ಎಂದು ಇವರ ತೋಳು ಹಿಡಿದು ಅಲುಗಾಡಿಸಿದೆ.

“ಸ್ಟೇಷನ್ ಸುಣ್ಣ ಮುಟ್ಟಂಗಿಲ್ಲ. ಅದು ಕಲ್ಲಿಗೆ ಅಂತ ಬಂದಿರೋದು, ಮಣ್ಣಿಗೆ ಅಲ್ಲ” ಎಂದರು ಇವರು. ಹೇಳಿದೆನಲ್ಲ, ನಿಯಮದ ಮನುಷ್ಯ.

ಸುಣ್ಣ ಕೊಟ್ಟವಳು ಚೌಡಮ್ಮ. ಮನೆಗೆ ಬಳಿಸಿ ಉಳಿದಿದ್ದ ಸುಟ್ಟ ಸುಣ್ಣದ ಹರಳು ಎರಡು ಮಂಕರಿ ಇತ್ತು. “ಊಟಕ್ಕೆ ಉಪ್ಪು ಅಂದ್ರೆ ಗೊತ್ತು, ಮಣ್ಣಿಗೆ ಸುಣ್ಣ ಅಂದೋರ್ನ ನಾ ಕಾಣೆ” ಎನ್ನುತ್ತಲೇ ಒಂದನ್ನು ಹೊತ್ತು ತಂದಳು. ಈಗ ನನ್ನ ಬುದ್ಧಿವಂತಿಕೆ ಕೇಳಿ. ಸ್ವಲ್ಪ ಸುಣ್ಣದಿಂದ ಒಂದು ಗಿಡ ಹಸಿರಾದರೆ ತುಂಬ ಸುಣ್ಣದಿಂದ ತೋಟವೇ ಹಸಿರಾಗಬೇಕು ಎಂದು ಲೆಕ್ಕ ಹಾಕಿ, ಇಡೀ ಮಂಕರಿಯನ್ನು ಎರಡು ಪಾತಿಗೆ ಸುರಿದು, ಮರುದಿನವೇ ಸಸಿ ನೆಟ್ಟು ನೀರು ಬಿಟ್ಟೆ. ಮಣ್ಣು ಸುಯ್ಯೆಂದಿತು. ಸಂಜೆಗೆ ಸಸಿಗಳೆಲ್ಲ ಬೆಂದ ಸೊಪ್ಪಿನ ಹಾಗೆ ಮಲಗಿದವು. ನನ್ನ ಅಂಗೈಯಲ್ಲೂ ಬೊಬ್ಬೆ ಎದ್ದಿತು. ಇವರು ಕೊಬ್ಬರಿ ಎಣ್ಣೆ ಹಚ್ಚಿದರು. ಬೈದಿದ್ದರೆ ಚೆನ್ನಾಗಿತ್ತು.

ಆ ಎರಡು ಪಾತಿ ಆ ವರ್ಷ ಏಳಲೇ ಇಲ್ಲ. ಮಿಕ್ಕ ಆರು ಪಾತಿಗೆ ನಾನು ವಿನಯ ಕಲಿತೆ. ಚೌಡಮ್ಮನ ಮನೆಯಲ್ಲಿ ಉಳಿದ ಹರಳನ್ನು ನೀರಲ್ಲಿ ಅರಳಿಸಿ, ಒಣಗಿಸಿ, ಹಿಟ್ಟಾದ ಮೇಲೆ ಜರಡಿ ಹಿಡಿದು, ಒಂದು ಹೆಜ್ಜೆಗೆ ಒಂದು ಹಿಡಿಯಂತೆ ಎರಚಿದೆ. ರಂಗೋಲಿ ಬಿಡುವಷ್ಟು ತೆಳುವಾಗಿ. ಗುದ್ದಲಿಯಲ್ಲಿ ಕಲಸಿ ಸುಮ್ಮನಾದೆ. ಒಂದು ಮಳೆ ಬರಲಿ ಎಂದು ಕಾದೆ. ಕಾಯುವುದು ನನ್ನ ಜಾಯಮಾನವಲ್ಲ. ದಿನಕ್ಕೆರಡು ಸಲ ಹೋಗಿ ಮಣ್ಣು ನೆಕ್ಕುತ್ತಿದ್ದೆ. ಮಳೆ ಬಂದ ವಾರಕ್ಕೆ ಹುಳಿ ಹೋಯಿತು. ಓಕುಳಿ ಬಟ್ಟಲೂ ಕೆಂಪಾಗಿಯೇ ಉಳಿಯಿತು.

ಹುಳಿ ಹೋದರೂ ಮರಳು ಮರಳೇ. ಅದಕ್ಕೆ ಕೆರೆಗೋಡು ಬೇಕಿತ್ತು. ವೈಶಾಖದಲ್ಲಿ ಕೆರೆ ಇಳಿದಾಗ ಊರಿನವರು ಗಾಡಿಯಲ್ಲಿ ಗೋಡು ಹೊಡೆಯುತ್ತಾರೆ. ಚೌಡಮ್ಮ ತನ್ನ ಗಾಡಿಯನ್ನು ಎರಡು ಸಲ ಸ್ಟೇಷನ್ನಿನ ಕಡೆ ತಿರುಗಿಸಿದಳು. “ನನ್ ಗದ್ದೆ ಬುಟ್ಟು ಟೇಸನ್ನಿಗೆ ಗೋಡು ಹೊಡೀತಾಳೆ ಮುದ್ಕಿ ಅಂತ ಮಗ ಬೈತಾನೆ. ಬಯ್ಲಿ ಬುಡು. ಅದೇನು ಮಾಡೀಯೋ ನಾನೂ ನೋಡ್ಬೇಕು” ಎಂದಳು. ಬದಲಾಗದು ಎಂದು ತಾನೇ ಹೇಳಿದ ಮಣ್ಣಿನ ಬಗ್ಗೆ ಅವಳಿಗೂ ಈಗ ಕುತೂಹಲ. ಗೋಡನ್ನು ಪುಡಿಮಾಡಿ ಬೆರೆಸಿದೆವು. ಹೊಂಗೆಸೊಪ್ಪು ತುಳಿದು ಹೂತೆವು. ಮೇಲೆ ಕಬ್ಬಿನ ಒಣಗರಿ ಹೊದಿಸಿದೆವು. ‘ಬೆರೆಸಿದೆವು, ಹೂತೆವು’ ಎಂದೆ ನೋಡಿ. ಅಷ್ಟು ಹೊತ್ತಿಗೆ ಕೆಂಚಯ್ಯನೂ ಸೇರಿದ್ದ. ಎರಡು ರೈಲುಗಳ ನಡುವಿನ ಹೊತ್ತಿನಲ್ಲಿ, ಕೋಟು ಬಿಚ್ಚಿಟ್ಟು, ಅದು ನಿಯಮದಲ್ಲಿದೆಯೋ ಇಲ್ಲವೋ ಎಂದು ಹೇಳದೆ, ಇವರೂ ಸೇರಿದ್ದರು.

ಆಷಾಢದಲ್ಲಿ ಅಪ್ಪನೇ ಮಳವಳ್ಳಿಯಿಂದ ಸೇವಂತಿಗೆ ಮರಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದುಕೊಟ್ಟರು. ನೆಟ್ಟೆ. ಹತ್ತು ದಿನ ಹಾಗೇ ಇದ್ದವು. ಹನ್ನೊಂದನೆಯ ದಿನ ಬೆಳಿಗ್ಗೆ ಪ್ರತಿ ಗಿಡದ ನೆತ್ತಿಯಲ್ಲೂ ಒಂದೊಂದು ಚಿಗುರು ಇಣುಕಿತ್ತು. ನಾನು ಆರೂ ಪಾತಿಯನ್ನು ಎಣಿಸಿದೆ, ಇವರನ್ನು ಕರೆದು ಎಣಿಸಿದೆ, ಕೆಂಚಯ್ಯನನ್ನು ಕರೆದು ಮತ್ತೆ ಎಣಿಸಿದೆ. ಶ್ರಾವಣಕ್ಕೆ ಪಾತಿ ಮುಚ್ಚಿತು. ನವರಾತ್ರಿಗೆ ಮೊಗ್ಗು. ದೀಪಾವಳಿ ಕಳೆದು ಕಾರ್ತೀಕ ಕಾಲಿಟ್ಟಾಗ ಹನಕೆರೆ ಸ್ಟೇಷನ್ನು ಅರಿಶಿನ ಮೆತ್ತಿದ ಮದುವಣಗಿತ್ತಿಯಂತಿತ್ತು. ರೈಲಿನ ಜನ ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದರು. ಒಂದು ದಿನ ಮದ್ದೂರಿಗೆ ಟಿಕೆಟ್ಟು ತೆಗೆದುಕೊಂಡಿದ್ದವರೊಬ್ಬರು ಹೂವು ನೋಡುತ್ತ ನಿಂತು ರೈಲು ತಪ್ಪಿಸಿಕೊಂಡರು. ನನಗೆ ಅಯ್ಯೋ ಪಾಪ ಎನ್ನಿಸಬೇಕಿತ್ತು. ಎನ್ನಿಸಲಿಲ್ಲ.

ಸಾಹೇಬರು ಬರುವ ದಿನ ತಂತಿಯಲ್ಲಿ ತಿಳಿಯಿತು. ಅದೇ ದಿನ ಚೌಡಮ್ಮನ ಮೊಮ್ಮಗಳ ಮದುವೆ. ಗಂಡಿನ ಕಡೆಯವರು ಬೆಳಗಿನ ರೈಲಿಗೆ ನಮ್ಮ ಸ್ಟೇಷನ್ನಿನಲ್ಲಿ ಇಳಿಯುವುದೆಂದು ಗೊತ್ತಾಗಿತ್ತು. ಮದುವೆಯ ಹೂವಿನ ಬುಟ್ಟಿಗಳು ಹಿಂದಿನ ಸಂಜೆಯ ರೈಲಿಗೆ ಬರಬೇಕಿತ್ತು. ಚೌಡಮ್ಮ ಗಾಡಿ ಕಟ್ಟಿಸಿಕೊಂಡು ಬಂದು ಕಾದಳು. ರೈಲು ಬಂತು, ಹೋಯಿತು. ಬುಟ್ಟಿ ಬರಲಿಲ್ಲ. ಹೂವಿನವನು ಕೈಕೊಟ್ಟಿದ್ದ.

ಅವಳು ಬೇಲಿಯ ಪಕ್ಕ ನಿಂತಳು. ನನ್ನ ಸೇವಂತಿಗೆಯನ್ನು ನೋಡಿದಳು. ಕೊಡು ಎಂದು ಕೇಳಲಿಲ್ಲ. ನಾಳೆ ಸಾಹೇಬರು ಬರುವುದು ಅವಳಿಗೆ ಗೊತ್ತಿತ್ತು. “ಬತ್ತೀನಿ ಕಣವ್ವ. ಬರೀ ತುಳಸಿ, ಮಾವಿನಸೊಪ್ಪಲ್ಲೇ ಮಾಡುದ್ರಾಯ್ತು” ಎಂದು ಗಾಡಿ ಹತ್ತಿದಳು. ಊರಿಗೆಲ್ಲ ಬಿರುಮಾತಾಡುವವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಒಳಗೆ ಬಂದು ಇವರ ಎದುರು ಕೂತೆ. “ಏನ್ರೀ, ಕೊಯ್ದು ಕೊಟ್ಬುಡ್ಲಾ?”

ಕಾಯಂ ಕಾಗದ ಇವರ ಕಣ್ಣ ಮುಂದಿತ್ತು ಎಂದು ನನಗೆ ಗೊತ್ತು. ಆದರೆ ಇವರು, “ಗೋಡು ಹೊಡ್ದೋಳು ಅವ್ಳು. ಸುಣ್ಣ ಕೊಟ್ಟೋಳೂ ಅವ್ಳೇ” ಎಂದರು. ಆಮೇಲೆ ಮಂಕರಿ ಹುಡುಕುತ್ತ, “ಬೆಳಿಗ್ಗೆ ಎದ್ದೇಟ್ಗೆ ಕೊಯ್ಯವ. ಈಗ ಕೊಯ್ದ್ರೆ ಬಾಡ್ತವೆ” ಎಂದರು.

ಮೂಡಣ ಕೆಂಪಾಗುವ ಹೊತ್ತಿಗೆ ನಾವಿಬ್ಬರೂ ಪಾತಿಗಿಳಿದೆವು. ನಾಲ್ಕು ಮಂಕರಿ ತುಂಬಿ ಕೆಂಚಯ್ಯನ ಕೈಲಿ ಕಳಿಸಿದೆವು. ತೋಟದಲ್ಲಿ ಎಲೆ, ಕಾಂಡ, ಸಣ್ಣ ಮೊಗ್ಗು, ಅಷ್ಟೇ ಉಳಿದವು.

ಬೆಳಗಿನ ರೈಲು ಬಂತು. ಗಂಡಿನ ಕಡೆಯವರು ಇಳಿದರು. ಚೌಡಮ್ಮನ ಮನೆಯವರು ವಾಲಗದ ಜೊತೆ ಎದುರುಗೊಳ್ಳಲು ಬಂದರು. ರೈಲು ಹೋದ ಬೆನ್ನಿಗೇ ಸಾಹೇಬರ ಟ್ರಾಲಿ ಬಂದು ನಿಂತಿತು. ಸಾಹೇಬರು ಆ ಗದ್ದಲದಲ್ಲಿ ದಾರಿ ಮಾಡಿಕೊಂಡು ನೇರ ತೋಟದ ಮುಂದೆ ನಿಂತರು. ಲೆಕ್ಕದ ಪುಸ್ತಕ ಕೇಳಲಿಲ್ಲ, ದೀಪ ನೋಡಲಿಲ್ಲ.

“ಹೂವೆಲ್ಲಿ ಮಾಸ್ತರೇ?”

ನಾನು ಬಾಗಿಲಿನಿಂದ ಹೊರಗೆ ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಗುಂಪು ಸೀಳಿಕೊಂಡು ಚೌಡಮ್ಮ ಬಂದಳು. ರೇಷ್ಮೆ ಸೀರೆ, ತುರುಬಿನಲ್ಲಿ ಅಂಗೈಯಗಲ ಸೇವಂತಿಗೆ.

“ಊವಾ? ಅಗೋ ನೋಡಿ ಸಾಮಿ, ನಡ್ಕಂಡು ಓಯ್ತಾ ಅವೆ!” ಎಂದು ಕೈ ಚಾಚಿದಳು.

ಸಾಹೇಬರು ತಿರುಗಿದರು. ನಾನೂ ಆಗಲೇ ಸರಿಯಾಗಿ ನೋಡಿದ್ದು. ಮದುವೆ ಗಂಡಿನ ಕೊರಳಲ್ಲಿ ಸೇವಂತಿಗೆ ಹಾರ. ಹೆಂಗಸರ ಜಡೆಯಲ್ಲಿ, ಮಕ್ಕಳ ಕಿವಿಯಲ್ಲಿ, ವಾಲಗದವನ ರುಮಾಲಿನಲ್ಲಿ, ಕಳಶದ ಸುತ್ತ, ಸಾಲಾಗಿ ನಿಂತ ಗಾಡಿಗಳ ಎತ್ತಿನ ಕೊಂಬಿನಲ್ಲಿ, ಎಲ್ಲೆಲ್ಲೂ ಅದೇ ಹಳದಿ. ನನ್ನ ಆರು ಪಾತಿ ಕಾಲು ಪಡೆದು ಊರಿನ ಕಡೆ ಹೊರಟಿತ್ತು.

“ನನ್ ಮೊಮ್ಮಗ್ಳ ಮದ್ವೆ. ಈ ಮಾಸ್ತ್ರಮ್ಮ ವರ್ಸೆಲ್ಲ ಮಕ್ಳಂಗೆ ಸಾಕಿದ್ದ ಊವ, ಒಂದೂ ಇಟ್ಕಳ್ದಂಗೆ ಕೊಯ್ದು ಕೊಟ್ಳು. ಬೈಯದಾದ್ರೆ ನನ್ ಬೈಯ್ರಿ” ಎಂದಳು ಚೌಡಮ್ಮ.

ಸಾಹೇಬರು ಬೆತ್ತವನ್ನು ಕಂಕುಳಿಗೆ ಸಿಕ್ಕಿಸಿ, ಪಾತಿಯ ಪಕ್ಕ ಕೂತೇಬಿಟ್ಟರು. ಒಣಗರಿ ಸರಿಸಿ ಒಂದು ಹಿಡಿ ಮಣ್ಣು ತೆಗೆದು ಅದುಮಿದರು. ಮಣ್ಣು ಉಂಡೆಯಾಯಿತು. ಬೆರಳಿಂದ ತಟ್ಟಿದರು, ಹುಡಿಯಾಗಿ ಉದುರಿತು. ಅದರೊಳಗಿಂದ ಒಂದು ಎರೆಹುಳು ಅವರ ಅಂಗೈ ಮೇಲೆ ಹರಿಯಿತು. ಅದನ್ನು ಜೋಪಾನವಾಗಿ ವಾಪಸು ಬಿಟ್ಟರು. ಆ ಮನುಷ್ಯರಿಗೆ ಮಣ್ಣು ಗೊತ್ತಿತ್ತು!

“ಹೂವು ಯಾರು ಬೇಕಾದ್ರೂ ಕೊಂಡು ತಂದು ತೋರಿಸಬಹುದು. ಈ ಮಣ್ಣು ಕೊಂಡು ತರೋಕಾಗಲ್ಲ” ಎಂದು ನನ್ನ ಕಡೆ ತಿರುಗಿದರು. “ಏನು ಮಾಡಿದೆಯಮ್ಮ? ನಮ್ಮ ಬಂಗಲೆ ತೋಟದಲ್ಲೂ ಮೂರು ವರ್ಷದಿಂದ ಏನೂ ಬರ್ತಿಲ್ಲ.”

ಹೇಳಿದೆ. ಅರಿಶಿನ, ಸುಣ್ಣ, ಎರಡು ಬಟ್ಟಲು. ಸಾಹೇಬರು ಕೋಟಿನ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು. ನಾನು ಹೇಳುವುದು, ಅವರು ಬರೆಯುವುದು! “ಒಂದು ಹೆಜ್ಜೆಗೆ ಎಷ್ಟು ಅಂದೆ?” “ಒಂದೇ ಹಿಡಿ ಸ್ವಾಮಿ, ಹೆಚ್ಚಾದ್ರೆ ಸುಡ್ತದೆ. ನೋಡಿ, ಆ ಎರಡು ಪಾತಿ ನಾನೇ ಸುಟ್ಟಿದ್ದು” ಎಂದು ಅದನ್ನೂ ತೋರಿಸಿದೆ. ಅವರು ಅದನ್ನೂ ಬರೆದುಕೊಂಡರು.

ಹೊರಡುವಾಗ ಇವರ ಭುಜ ತಟ್ಟಿ, “ನಿಮ್ಮ ಕಾಯಂ ಕಾಗದ ನನ್ನ ಮೇಜಿನ ಮೇಲೇ ಇದೆ ಮಾಸ್ತರೇ. ಮೈಸೂರು ಮುಟ್ಟಿದ ತಕ್ಷಣ ಸಹಿಯಾಗುತ್ತೆ” ಎಂದರು. ಅಷ್ಟಕ್ಕೆ ಬಿಟ್ಟಾಳೆಯೇ ಚೌಡಮ್ಮ? ಟ್ರಾಲಿ ಹತ್ತಿದ ಸಾಹೇಬರ ಜರಿಪೇಟದ ಮಡಿಕೆಗೆ ತನ್ನ ತುರುಬಿನ ಸೇವಂತಿಗೆ ಕಿತ್ತು ಸಿಕ್ಕಿಸಿದಳು. “ಮದ್ವೆ ಮನೆಯಿಂದ ಬರೀ ತಲೇಲಿ ಓಗಬಾರ್ದು ಸಾಮಿ” ಎಂದಳು. ಸಾಹೇಬರು ಅದನ್ನು ತೆಗೆಯಲಿಲ್ಲ.

ವಾಲಗದವನು ಊದಿದ. ಟ್ರಾಲಿಯವರು ಹೆಗಲು ಕೊಟ್ಟು ತಳ್ಳಿದರು. ಟ್ರಾಲಿಗೆ ಹಸಿರು ಬಾವುಟ ತೋರಿಸಬೇಕೆಂದು ಯಾವ ನಿಯಮದ ಪುಸ್ತಕದಲ್ಲೂ ಇಲ್ಲ. ಆದರೂ ಅವತ್ತು ಇವರು ಒಳಗೆ ಓಡಿಹೋಗಿ ಬಾವುಟ ತಂದು, ಪ್ಲಾಟ್‌ಫಾರಂನ ತುದಿಯಲ್ಲಿ ನಿಂತು, ಟ್ರಾಲಿ ಮಂಡ್ಯದ ಕಡೆಯ ತಿರುವಿನಲ್ಲಿ ಮರೆಯಾಗುವವರೆಗೂ ತಲೆಯ ಮೇಲೆತ್ತಿ ಬೀಸಿದರು.